ಐದು ಗೂಡಿನ ಪ್ಯಾರಾಚೂಟ್

ಹಳೆಯ ಚೌಕ ಪ್ಯಾರಾಚೂಟ್ ಸಿಕ್ಕಿದವರೆಲ್ಲ ಅದು ಯಾವ ಕಾಲದ್ದೆಂದು ಕೇಳಲು ನಮ್ಮ ಭಾವನ ಹತ್ತಿರ ಬರುತ್ತಾರೆ. ನಲವತ್ತು ವರ್ಷ ಪ್ಯಾರಾಚೂಟ್ ಮಡಚಿದವರು ಅವರು. ಚೀಟಿ ಅಳಿಸಿಹೋಗಿದ್ದರೂ, ಗಾಳಿ ತುಂಬುವ ಗೂಡುಗಳನ್ನು ಎಣಿಸಿ, ಹಗ್ಗ ಮುಟ್ಟಿ, ಹೊಲಿಗೆ ನೋಡಿ ಹೇಳಿಬಿಡುತ್ತಾರೆ. ಅನುಮಾನ ಉಳಿದರೆ ತಾವೇ ಹಾರಿ ನೋಡುತ್ತಾರೆ. ಅರವತ್ತಾರನೇ ವಯಸ್ಸಲ್ಲಿ ಇದೆಲ್ಲ ಬೇಕಾ ಎಂದು ಅಕ್ಕ ಬಾಯಿ ನೋಯುವಷ್ಟು ಹೇಳಿದ್ದಾಳೆ.

ಮೊನ್ನೆ ಬಂದದ್ದು ಐದು ಗೂಡಿನದು. ಒಂದು ಹಳೇ ಕಾರ್ಖಾನೆ ತಯಾರಿಸುತ್ತಿದ್ದ ಅಂಥ ಮಾಲನ್ನು ಇನ್ನೊಬ್ಬರು ಹೊಲಿಗೆ ಸಮೇತ ನಕಲು ಮಾಡಿದ್ದರಿಂದ, ಇದು ಅಸಲಿಯೋ ನಕಲೋ ತಿಳಿಯಲಿಲ್ಲ. ಭಾವ ನಿಟ್ಟುಸಿರಿಟ್ಟು ಬೂಟು ಹಾಕಿಕೊಂಡರು.

ವಿಮಾನದಿಂದ ಜಿಗಿದಾಗ ಪ್ಯಾರಾಚೂಟ್ ಸರಿಯಾಗಿಯೇ ಬಿಚ್ಚಿಕೊಂಡಿತು. ನೆಲ ಹತ್ತಿರವಾದಾಗ ಮಾತ್ರ, ಬ್ರೇಕಿನ ಎರಡೂ ಹಿಡಿಗಳನ್ನು ಪೂರ್ತಿ ಎಳೆದರೂ ವೇಗ ತಗ್ಗಲಿಲ್ಲ. ಭಾವ ಮೂಟೆಯಂತೆ ಬಿದ್ದರು.

ನಾನು ಟಿಪ್ಪಣಿ ಪುಸ್ತಕ ಹಿಡಿದೇ ಓಡಿಹೋದೆ.

"ಅಸಲಿನೇ, ಬರ್ಕೋ," ಎಂದರು ಮಲಗಿದಲ್ಲಿಂದಲೇ. "ನಕಲು ಆಗಿದ್ರೆ ಮೆತ್ತಗೆ ಇಳಿಸ್ತಿತ್ತು. ಇಪ್ಪತ್ತಾರನೇ ವಯಸ್ಸಲ್ಲಿ ಈ ಎಡ ಮೊಣಕಾಲು ಮುರಿದಿದ್ದು ಇಂಥದ್ದೇ."

ಸಂಜೆ ಅಕ್ಕ ಅದೇ ಮೊಣಕಾಲಿಗೆ ಪಟ್ಟಿ ಸುತ್ತುತ್ತ ಸಿಡುಕಿದಳು. "ಸಿಕ್ತಾ ಅದರ ಗುರುತು?"

"ಸಿಕ್ತು ಕಣೇ," ಭಾವ ಕಣ್ಣು ಮುಚ್ಚಿಕೊಂಡರು. "ಅದಕ್ಕೂ ನನ್ನ ಗುರುತು ಸಿಕ್ತು."