ಬೀಗರ ಮನೆಗೆ ಕೊಟ್ಟ ಗಿಳಿ

ಅದು 2003ನೇ ಇಸವಿ. ನಮ್ಮ ಅತ್ತೆ ತೀರಿಕೊಂಡು ವರ್ಷವಾಗಿತ್ತು. ಇಳಕಲ್ಲಿನ ನಮ್ಮ ಮನೆಯಲ್ಲಿ ಆಗ ಇದ್ದವರು ಮಾವ, ನನ್ನ ಯಜಮಾನರು, ನಾನು ಮತ್ತು ಸೆರಗಿ.

ಸೆರಗಿ ಎಂದರೆ ಗಿಳಿ. ನಮ್ಮ ಕಡೆಯ ಹಸಿರು ಗಿಳಿಯಲ್ಲ, ಆಫ್ರಿಕಾದ್ದು. ಸೀರೆ ಖರೀದಿಗೆ ಬರುತ್ತಿದ್ದ ಸೊಲ್ಲಾಪುರದ ವ್ಯಾಪಾರಿಯೊಬ್ಬರು ಪ್ರೀತಿಯಿಂದ ಮಾವನಿಗೆ ತಂದುಕೊಟ್ಟಿದ್ದರು. ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕಡುಗೆಂಪು. ಇಳಕಲ್ಲ ಸೀರೆಯ ಒಡಲು ಯಾವ ಬಣ್ಣದ್ದಿದ್ದರೂ ಸೆರಗು ಕೆಂಪೇ ತಾನೆ? ಹಾಗಾಗಿ ಅತ್ತೆ ಆಕೆಗೆ ಸೆರಗಿ ಎಂದು ಹೆಸರಿಟ್ಟಿದ್ದರು.

ಮನೆಗೆ ಯಾರೇ ಬರಲಿ, ಅತ್ತೆಯ ಮೊದಲ ಮಾತು "ಉಂಡ್ಯೇನ?" ಸೆರಗಿ ಅದನ್ನು ಅತ್ತೆಯ ದನಿಯಲ್ಲೇ ಕಲಿತಿದ್ದಳು. ಅತ್ತೆ ಹೋದ ಮೇಲೂ ಆ ದನಿ ಮನೆಯಲ್ಲಿ ಉಳಿದಿತ್ತು. ಮಾವ ಮಗ್ಗದಲ್ಲಿ ಕೂತಲ್ಲಿಂದಲೇ "ಇಲ್ಲ, ಇನ್ನ ಮ್ಯಾಲ" ಎಂದು ಅದಕ್ಕೆ ಉತ್ತರ ಕೊಡುತ್ತಿದ್ದರು. ಕೇಳಿದಾಗಲೆಲ್ಲ ನನ್ನ ಕಣ್ಣು ತುಂಬುತ್ತಿತ್ತು.

ಆದರೆ ಆ ಜಾತಿಯ ಗಿಳಿಯ ಮೈಯಿಂದ ಸದಾ ಬಿಳಿ ಪುಡಿ ಉದುರುತ್ತದೆ. ಮಾವನಿಗೆ ಮೊದಲೇ ದಮ್ಮಿನ ಕಾಯಿಲೆ. "ಯಜಮಾನ್ರ, ಒಂದ ಗಿಳಿ ಇಟಗೋರಿ, ಇಲ್ಲಾ ನಿಮ್ಮ ಉಸಿರ ಇಟಗೋರಿ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಬಾದಾಮಿಯಿಂದ ಚೊಳಚಗುಡ್ಡಕ್ಕೆ ಹೋಗುವ ದಾರಿಯಲ್ಲಿ ಒಬ್ಬರು ಪರದೇಶದ ಪ್ರಾಣಿ ಪಕ್ಷಿಗಳಿಗೆಂದೇ ಆಶ್ರಯಧಾಮ ನಡೆಸುತ್ತಿದ್ದರು. ಶೋಕಿಗೆ ಸಾಕಿ ಬೇಸರವಾದವರು ಬಿಟ್ಟುಹೋದ ಬಣ್ಣಬಣ್ಣದ ಗಿಳಿಗಳು, ಆಮೆಗಳು, ಎರಡು ಎಮು ಅಲ್ಲಿದ್ದವು. ಅಲ್ಲಿಗೆ ಕೊಡುವುದೆಂದಾಯಿತು.

ನಮ್ಮ ಓಣಿಯ ಹೆಂಗಸರು ಆಕೆಯನ್ನು ಸುಮ್ಮನೆ ಕಳಿಸಲಿಲ್ಲ. ಪಂಜರದ ಮುಂದೆ ಕುಪ್ಪಸದ ಖಣ ಹಾಸಿ, ಅಕ್ಕಿ, ಕೊಬ್ಬರಿ, ಉತ್ತತ್ತಿ ಇಟ್ಟು ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವ ಹಾಗೆ ಉಡಿ ತುಂಬಿದರು. ಧಾಮದಲ್ಲಿ ಪಂಜರ ಒಪ್ಪಿಸುವಾಗ ಮಾವ ಅಳು ನುಂಗಿ ನಗುತ್ತ, "ಹೆಣ್ಣ ಕೊಟ್ಟೇವ್ರಿ. ಇವತ್ತಿನಿಂದ ನೀವು ನಮಗ ಬೀಗರು" ಎಂದರು. ಆ ಮಾಲೀಕರೂ ರಸಿಕರೇ. "ನಿಮ್ಮ ಮಗಳನ್ನ ಹೂವಿನಂಗ ನೋಡ್ಕೋತೇವ್ರಿ ಬೀಗರ" ಎಂದರು.

ತಮಾಷೆಗೆ ಅಂದ ಆ ಮಾತು ಗಟ್ಟಿಯಾಗಿ ನಿಂತುಬಿಟ್ಟಿತು. ಓಣಿಯವರು ಯಾರೇ ಅದೇ ದಾರಿಯಲ್ಲಿರುವ ಬನಶಂಕರಿ ಗುಡಿಗೆ ಹೋಗಲಿ, "ಬೀಗರಿಗೆ" ಎಂದು ಶೇಂಗಾ, ಸೂರ್ಯಕಾಂತಿ ಬೀಜ, ಕೈಲಾದಷ್ಟು ದುಡ್ಡು ಕೊಟ್ಟು ಬರುತ್ತಿದ್ದರು. ಅದು ಯಾರ ಹೊಟ್ಟೆಗೆ ಹೋಯಿತೆಂದು ಒಬ್ಬರೂ ಕೇಳಲಿಲ್ಲ. ಬೀಗರನ್ನು ಲೆಕ್ಕ ಕೇಳುವುದುಂಟೆ?

ಮರುವರ್ಷದ ಬೇಸಿಗೆಯಲ್ಲಿ ಮಾವ ಮತ್ತು ನಾನು ಸೆರಗಿಯನ್ನು ನೋಡಲು ಹೋದೆವು. ಮಾಲೀಕರು ಕುರ್ಚಿ ಹಾಕಿಸಿ, ಚಹಾ ತರಿಸಿ, ಭಾರಿ ಉಪಚಾರ ಮಾಡಿದರು. ಆಮೇಲೆ ಪಂಜರದ ಹತ್ತಿರ ಕರೆದೊಯ್ದರು. ಸೆರಗಿಯ ಎದೆಯ ಮೇಲೆ ಅಲ್ಲಲ್ಲಿ ಬರೀ ಚರ್ಮ. ಬಾಲದಲ್ಲಿ ಕೆಂಪೇ ಇರಲಿಲ್ಲ.

"ಇದೇನ್ರಿ, ಸೆರಗ ಎಲ್ಲಿ ಹೋತು?" ಎಂದೆ.

"ಬ್ಯಾಸಗಿ ನೋಡ್ರಿ ಅಕ್ಕಾರ, ಗರಿ ಉದರತಾವು. ಮತ್ತ ಬರತಾವು. ದಿನಾ ಎರಡೂ ಹೊತ್ತ ಕಾಳು, ಹಣ್ಣು ತಪ್ಪಸಂಗಿಲ್ಲ ನಾವು" ಎಂದರು ಅವರು.

ಅಷ್ಟರಲ್ಲಿ ಸೆರಗಿ ಬಾಯಿ ಬಿಟ್ಟಳು. "ಇವತ್ತಿಲ್ಲ, ನಾಳಿ ನೋಡೂಣು. ಇವತ್ತಿಲ್ಲ, ನಾಳಿ ನೋಡೂಣು."

ಯಾವುದೋ ಗಂಡಸಿನ ಬೇಸತ್ತ ದನಿ ಅದು. ಮಾಲೀಕರು ಜೋರಾಗಿ ನಕ್ಕರು. ಮಾವನೂ ನಕ್ಕರು. "ನೋಡವಾ ಶಾರವ್ವಾ, ನಮ್ಮ ಹುಡಿಗಿ ಬೀಗರ ಮನಿ ಮಾತ ಕಲತಬಿಟ್ಟಾಳ!" ನಾನೂ ನಕ್ಕೆ.

ನಕ್ಕೆನೇನೋ ಸರಿ, ಮನಸ್ಸು ಮಾತ್ರ ಒಪ್ಪಲಿಲ್ಲ. ನೀರಿನ ಬಟ್ಟಲು ಒಣಗಿತ್ತು. ಹಿಂದೆ ಕಾಳುಕಡಿ ಇಡುವ ತಗಡಿನ ಕೋಣೆ ಕಾಣುತ್ತಿತ್ತು. ಒಂದು ಸಲ ಇಣುಕಿ ಬರೋಣವೆಂದು ಹೆಜ್ಜೆ ಇಟ್ಟೆ. ಮಾವ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಬ್ಯಾಡವಾ. ಹೆಣ್ಣ ಕೊಟ್ಟವರು ಬೀಗರ ಅಡಗಿಮನಿ ಹೊಕ್ಕ ನೋಡಬಾರ್ದು. ನಾಳೆ ಆಕಿಗೇ ತ್ರಾಸು" ಎಂದರು. ಗಿಳಿಗೆ ಎಂಥ ಅತ್ತೆ, ಎಂಥ ನಾದಿನಿ? ಆದರೂ ನಾನು ನಿಂತುಬಿಟ್ಟೆ. ಅವರ ಮಾತನ್ನು ಮೀರಿ ನನಗೆ ರೂಢಿಯಿರಲಿಲ್ಲ.

ಗೇಟಿನ ಹತ್ತಿರ ಬಂದಿದ್ದೆವು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಉಂಡ್ಯೇನ?"

ಮಾವ ಗಕ್ಕನೆ ತಿರುಗಿದರು. ಮುಖ ಅರಳಿತು. "ಹೂನವಾ, ಉಂಡೇನಿ" ಎಂದು ಕೂಗಿ ಹೇಳಿ, ಕಣ್ಣೊರೆಸಿಕೊಂಡು ಬಸ್ ಹತ್ತಿದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಸುದ್ದಿ ಬಂತು. ಮಾಲೀಕರು ಧಾಮಕ್ಕೆ ಬೀಗ ಹಾಕಿ ಊರು ಬಿಟ್ಟಿದ್ದರಂತೆ. ಅಕ್ಕಪಕ್ಕದ ಹೊಲದವರು ವಾಸನೆ ತಾಳಲಾರದೆ ಬೀಗ ಒಡೆದಿದ್ದರಂತೆ. ನನ್ನ ಯಜಮಾನರು ಓಡಿಹೋದರು. ಬದುಕಿ ಉಳಿದವು ಆಮೆಗಳು ಮತ್ತು ಒಂದು ಎಮು. ತಗಡಿನ ಕೋಣೆಯಲ್ಲಿ ಬರೀ ಖಾಲಿ ಚೀಲಗಳಿದ್ದವು. ಎಲ್ಲೆಲ್ಲಿಂದಲೋ ಬಂದ ಕಾಳನ್ನು ಮಾಲೀಕರು ಬಹಳ ದಿನಗಳಿಂದ ಸಂತೆಗೆ ಹಾಕುತ್ತಿದ್ದರೆಂದು ಜನ ಆಡಿಕೊಂಡರು. ಅದು ನಿಜವೋ ಸುಳ್ಳೋ, ತಿಳಿದುಕೊಳ್ಳುವ ದಾರಿಯೇ ನಮಗಿರಲಿಲ್ಲ. ಕೇಳಬೇಕಾದಾಗ ಕೇಳಿರಲಿಲ್ಲವಲ್ಲ.

ಮಾವ ಆ ದಿನ ಮಗ್ಗಕ್ಕೆ ಇಳಿಯಲಿಲ್ಲ. ಸಂಜೆ ಒಮ್ಮೆ ಮಾತ್ರ, "ಆಕಿ ಬೀಗರ ಮಾತ ಕಲತಿದ್ದಿಲ್ಲವಾ. ನಮ್ಮ ಮುಂದ ಫಿರ್ಯಾದಿ ಹೇಳಿದ್ಲು" ಎಂದರು. ಆಮೇಲೆ ಸಾಯುವವರೆಗೂ ಸೆರಗಿಯ ಹೆಸರೆತ್ತಲಿಲ್ಲ.

ಅಂಥ ಧಾಮಗಳೇ ಬೇಡ ಎಂದು ನಾನು ಹೇಳುವುದಿಲ್ಲ. ದೂರದೇಶದಿಂದ ತಂದು, ಸಾಕಲಾರದೆ ಬಿಟ್ಟ ಜೀವಗಳು ಹೋಗುವುದಾದರೂ ಎಲ್ಲಿಗೆ? ಈಗಲೂ ಬಾಗಲಕೋಟೆಯ ನವನಗರದ ಹತ್ತಿರದ ಇಂಥದೇ ಒಂದು ಜಾಗಕ್ಕೆ ಕಾಳು ಒಯ್ದು ಕೊಡುತ್ತೇನೆ. ಆದರೆ ಕುರ್ಚಿಯಲ್ಲಿ ಕೂರುವುದಿಲ್ಲ, ಚಹಾ ಕುಡಿಯುವುದಿಲ್ಲ. ಮೊದಲು ನೀರಿನ ಬಟ್ಟಲು, ಆಮೇಲೆ ಕಾಳಿನ ಕೋಣೆ. ಅಲ್ಲಿಯ ಹುಡುಗಿಯರು "ಅತ್ತಿ ಬಂದ್ರು ನೋಡ್ರಲೇ, ಲಗೂ ಲಗೂ ಕಸ ಹೊಡೀರಿ" ಎಂದು ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಆದರೂ ಆ ಗೇಟಿನ ಹತ್ತಿರದ ಗಳಿಗೆ ನನ್ನನ್ನು ಬಿಟ್ಟಿಲ್ಲ. ಹಸಿದ ಹೊಟ್ಟೆಯಲ್ಲಿ ಆಕೆ ನಮ್ಮನ್ನು "ಉಂಡ್ಯೇನ?" ಎಂದು ಕೇಳಿದ್ದಳು. ಉಂಡೆವೆಂದು ಹೇಳಿ ಬಂದೆವು. ನೀನು ಉಂಡೆಯಾ ಎಂದು ನಾವಿಬ್ಬರೂ ತಿರುಗಿ ಕೇಳಲಿಲ್ಲ.