ಶಂಕ್ರಪ್ಪ ನೋಡದೇ ಹೋದ ಕಾಲು ತಾಸು

ಇಲ್ಲ… ಇನ್ನೂ ನಂಬಲಿಕ್ಕೆ ಆಗುತ್ತಿಲ್ಲ.
ಬೆಳಿಗ್ಗೆ ರಾಜೂರಿನ ಗೆಳೆಯ ಫೋನ್ ಮಾಡಿ ಹೇಳಿದಾಗ "ಯಾವ ಶಂಕ್ರಪ್ಪ?" ಅಂತ ಕೇಳಿದೆ.
ನನಗೆ ಗೊತ್ತಿರುವುದು ಒಬ್ಬನೇ ಶಂಕ್ರಪ್ಪ. ಆದರೂ ಕೇಳಿದೆ…

ಗಜೇಂದ್ರಗಡದ ನಮ್ಮ ನೇಕಾರ ಶಂಕ್ರಪ್ಪ ಹೋಗಿಬಿಟ್ಟ.
ಎದೆ ಹಿಡಿದಂಗಾಗುತ್ತದೆ ಅಂದನಂತೆ. ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು.
ನನಗಿಂತ ಎರಡು ವರ್ಷ ಸಣ್ಣವನು… ಇದೇನು ಹೋಗುವ ವಯಸ್ಸೇ?

ಅವನನ್ನು ಅರಿಯದವರಿಗಾಗಿ ಹೇಳುತ್ತೇನೆ.
ರೋಣ, ನರಗುಂದ, ಗಜೇಂದ್ರಗಡದ ಒಂದಿಷ್ಟು ಸಿನಿಮಾ ಹುಚ್ಚರು ಸೇರಿ ಮಾಡಿಕೊಂಡ ಮೊಬೈಲ್ ಗ್ರೂಪ್ ನಮ್ಮದು. ದೂರ ದೇಶಗಳ ಸಿನಿಮಾ ನೋಡುವುದು, ಒಬ್ಬರಿಗೊಬ್ಬರು ರೆಕಮೆಂಡ್ ಮಾಡುವುದು, ಆಮೇಲೆ ಜಗಳಾಡುವುದು.
ರೂಲ್ ಒಂದೇ… ಯಾರೂ ಕ್ಲೈಮ್ಯಾಕ್ಸ್ ಹೇಳಬಾರದು.
ರೋಣದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಅದರ ಅಡ್ಮಿನ್.

ನಾವೆಲ್ಲ ಟೈಪ್ ಮಾಡುತ್ತಿದ್ದೆವು. ಶಂಕ್ರಪ್ಪನದು ಮಾತ್ರ ವಾಯ್ಸ್ ಮೆಸೇಜ್. ಹಿಂದೆ ಮಗ್ಗದ ಸದ್ದು.
ಸಬ್‌ಟೈಟಲ್ ಓಡುವಷ್ಟು ಜೋರಾಗಿ ಅವನ ಇಂಗ್ಲಿಷ್ ಓಡುತ್ತಿರಲಿಲ್ಲ. ಅದಕ್ಕೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುವುದು… ಒಂದು ಸಿನಿಮಾಕ್ಕೆ ಒಂದು ವಾರ.
ಆಮೇಲೆ ಮಗ್ಗಕ್ಕೆ ಕೂತು, ಪಕ್ಕದಲ್ಲಿ ನೂಲು ಸುತ್ತುವ ಹೆಂಡತಿಗೆ ಆ ದಿನ ನೋಡಿದಷ್ಟು ಕಥೆ ಹೇಳುವುದು.
"ಕತಿಯಾಗ ಯಾರರ ಸತ್ರ ಆವತ್ತ ಸೀರಿ ಮುಂದ ಹೋಗೂದಿಲ್ರಿ ಮಾಸ್ತರ್ರ" ಅನ್ನುತ್ತಿದ್ದ.

ಅವನ ಹೆಂಡತಿ ನಮಗೆಲ್ಲ ವೈನಿ, ಅಂದರೆ ಅತ್ತಿಗೆ. ಅವರ ಅಭಿಪ್ರಾಯವೂ ಗ್ರೂಪಿಗೆ ಅವನ ಬಾಯಿಂದಲೇ ಬರುತ್ತಿತ್ತು.
"ಹೀರೋ ಭಾಳ ಚಲೋ ಮಾಡ್ಯಾನಂತ ನೀವು ಬರದೀರಿ. ನಮ್ಮಾಕಿ ಒಪ್ಪವಲ್ಲಳ್ರಿ. ಹೇಂತಿ ಅಳೂ ಮುಂದ ಹೊಟ್ಟಿ ತುಂಬ ಉಣ್ಣಾಂವ ಎಂಥಾ ಹೀರೋ ಅಂತಾಳ!"
ನಾವು ಬಿದ್ದು ಬಿದ್ದು ನಕ್ಕಿದ್ದೆವು…

ಬೆಳಿಗ್ಗೆಯಿಂದ ಗ್ರೂಪಿನ ತುಂಬ ಕೈ ಮುಗಿದ ಇಮೋಜಿ. ನಾನೂ ಒಂದು ಹಾಕಿ ಸುಮ್ಮನಾಗಬಹುದಿತ್ತು.
ಆಗಲಿಲ್ಲ. ಹೇಳಬೇಕಾದ್ದೊಂದಿದೆ… ಬೈಯುವವರು ಬೈಯಿರಿ.

ಎರಡು ತಿಂಗಳ ಹಿಂದೆ, ತಾನಿನ್ನೂ ಪೂರಾ ನೋಡಿ ಮುಗಿಸುವ ಮೊದಲೇ, ಅವನು ಒಂದು ಸಿನಿಮಾ ರೆಕಮೆಂಡ್ ಮಾಡಿದ. ಯಾವುದೋ ದ್ವೀಪದ ದೇಶದ್ದು. ದೋಣಿ ತೆಗೆದುಕೊಂಡು ಹೋದ ಗಂಡ, ದಾರಿ ಕಾಯುವ ಹೆಂಡತಿ.
ನಾನು ಅರ್ಧ ತಾಸು ನೋಡಿ ನಿದ್ದೆ ಹೋದೆ.
ಮರುದಿನ ನೆಟ್‌ನಲ್ಲಿ ಯಾರೋ ಬರೆದದ್ದನ್ನು ಓದಿ, "ಮೌನವೇ ಮಾತಾಡುವ ಮಾಸ್ಟರ್‌ಪೀಸ್" ಅಂತ ಉದ್ದಕ್ಕೆ ಬರೆದು ಹಾಕಿದೆ. ನನ್ನ ನಂಬಿ ಐದಾರು ಜನ "ಹೌದು ಸರ್, ಅದ್ಭುತ" ಅಂದರು. ಅವರೂ ನೋಡಿರಲಿಲ್ಲ ಅಂತ ಈಗ ಅನ್ನಿಸುತ್ತಿದೆ.

ಅದೇ ಸಂಜೆ ಶಂಕ್ರಪ್ಪನ ಫೋನ್.
"ಮಾಸ್ತರ್ರ, ನಾ ಮೆಮೊರಿ ಕಾರ್ಡಿಗೆ ಹಾಕಿಸ್ಕೊಂಡದ್ದು ಕಡೀಕ ಕಟ್ ಆಗೇತ್ರಿ. ಕಾಲು ತಾಸಿಂದು ಇಲ್ಲ. ಮನ್ಯಾಗ ದೊಡ್ಡ ಜಗಳ ಹತ್ತೇತಿ. ಗಂಡ ತಿರುಗಿ ಬರ್ತಾನ ಅಂತ ನಾನು, ಬರೂದಿಲ್ಲ ಅಂತ ನಮ್ಮಾಕಿ. ನೀವಂತೂ ನೋಡೀರಿ… ಬರ್ತಾನೋ ಇಲ್ಲೋ, ಅಷ್ಟ ಹೇಳ್ರಿ."

ನೋಡಿಲ್ಲ ಅಂತ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ.
"ಕ್ಲೈಮ್ಯಾಕ್ಸ್ ಹೇಳಬಾರದು ಅಂತ ನಮ್ಮ ರೂಲ್ ಐತಲ್ಲೋ. ಪೂರಾ ಪ್ರಿಂಟ್ ಹುಡುಕಿ ನೀನ ನೋಡು" ಅಂದೆ.
"ಹೌದ್ರಿ, ರೂಲ್ ಅಂದ್ರ ರೂಲ್" ಅಂದು ನಕ್ಕ.
ಆಮೇಲೂ ಎರಡು ಸಲ ಕೇಳಿದ. ಎರಡು ಸಲವೂ ಅದೇ ಉತ್ತರ ಕೊಟ್ಟೆ. ಕಾಲು ತಾಸು ಕೂತು ನೋಡಲಿಕ್ಕೆ ನನಗೆ ಪುರಸೊತ್ತಾಗಲಿಲ್ಲ… ಪರೀಕ್ಷೆ, ಪೇಪರು, ಹಾಳು ಮೂಳು.

ಶಂಕ್ರಪ್ಪಾ…
ಈ ಮಾಸ್ತರ ಭಾಳ ತಿಳಿದವನು ಅಂತ ನೀನು ನಂಬಿದ್ದೆ.
ಆ ದೊಡ್ಡಸ್ತಿಕೆ ಉಳಿಸಿಕೊಳ್ಳಲಿಕ್ಕೆ ನಿನಗೆ ಸುಳ್ಳು ಹೇಳಿದೆ ದೋಸ್ತ.
ಮೂರು ಸಲ ಬಾಯಿ ಬಿಟ್ಟು ಕೇಳಿದೆಯಲ್ಲೋ…
ನಾಚಿಕೆಯಾಗುತ್ತಿದೆ ನನಗೆ.

ಮಧ್ಯಾಹ್ನ ಅವನ ಮಣ್ಣಿಗೆ ಹೋಗಿದ್ದೆ. ಎಲ್ಲ ಮುಗಿದ ಮೇಲೆ ವೈನಿಗೆ ಕೈ ಮುಗಿಯಲಿಕ್ಕೆ ಮನೆಯೊಳಗೆ ಹೋದೆ. ಗೋಡೆಗೆ ಒರಗಿ ಕೂತಿದ್ದರು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.
ನನ್ನ ಮುಖ ನೋಡಿ ಕೇಳಿದರು…
"ಅಣ್ಣಾರ, ಆ ದೋಣಿ ಸಿನಿಮಾದಾಗ… ಅಂವ ತಿರುಗಿ ಬರ್ತಾನೇನ್ರಿ?"
ಅಂಥ ಹೊತ್ತಿನಲ್ಲಿ ಯಾರಾದರೂ ಏನು ಹೇಳುತ್ತಾರೋ ಅದನ್ನೇ ಹೇಳಿದೆ.
"ಬರ್ತಾನ್ರಿ ವೈನಿ. ಬರ್ತಾನ."
ಸೆರಗಿನಿಂದ ಮುಖ ಒರೆಸಿಕೊಂಡರು.
"ಹಂಗಾದ್ರ ನಾನ ಸೋತೆ… ಮೊನ್ನೆನ ಹೇಳಿದ್ರ ಆಗ್ತಿತ್ತಲ್ರಿ ಅಣ್ಣಾರ. ಗೆದ್ದೆ ಅಂತ ಖುಷಿಲೇ ಹೋಗ್ತಿದ್ರು."
ಕೈ ಮುಗಿದು ಹೊರಬಿದ್ದೆ.

ರೋಣಕ್ಕೆ ಬಂದೆ. ಸ್ನಾನ ಮಾಡಿ, ಲ್ಯಾಪ್‌ಟಾಪ್ ತೆಗೆದು, ಆ ಕಾಲು ತಾಸು ಈಗಷ್ಟೇ ನೋಡಿದೆ.

ಅಡ್ಮಿನ್ ನಾನೇ ರೂಲ್ ಮುರಿಯುತ್ತಿದ್ದೇನೆ ಗೆಳೆಯರೇ…
ಅವನು ಬರುವುದಿಲ್ಲ.
ಹೆಂಡತಿ ಕತ್ತಲಾಗುವವರೆಗೂ ದಂಡೆಯ ಮೇಲೆ ನಿಂತು, ಮನೆಗೆ ಹೋಗಿ, ಒಬ್ಬಳಿಗಾಗುವಷ್ಟೇ ಅಡುಗೆಗಿಡುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ.

ವೈನಿ ಅಂದದ್ದೇ ಖರೇ. ಗೆದ್ದವರು ಅವರು.
ಈ ಪೋಸ್ಟ್ ಅವರು ಓದುವುದಿಲ್ಲ. ಸೋತೆ ಅಂದುಕೊಂಡೇ ಕೂತಿದ್ದಾರೆ…
"ನೀವ ಗೆದ್ರಿ ವೈನಿ" ಅಂತ ಈಗ ಯಾವ ಬಾಯಿಂದ ಹೋಗಿ ಹೇಳಲಿ?

ಹೋಗಿ ಬಾ ಶಂಕ್ರಪ್ಪ…
ನಿನ್ನ ಜೀವಕ್ಕೆ ತಂಪಾದ ಜಾಗ ಸಿಗಲಿ, ನೆಮ್ಮದಿ ಇರಲಿ. 🙏