ಮಿಂಚಪ್ಪ ಸಾಯಲೇಬೇಕು

ಚನ್ನಪಟ್ಟಣದ ತಾಜ್ ಪಾಷಾ ಅವರ ಪ್ರಕಾರ ಜಗತ್ತಿನಲ್ಲಿ ಇದ್ದದ್ದು ಎರಡೇ ಬಗೆಯ ವಸ್ತುಗಳು. ಚುಚ್ಚುವಂಥವು, ಚುಚ್ಚದಂಥವು. ಅರ್ಧ ಆಯುಸ್ಸು ಆಲೆಮರ ಕಡೆದು, ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಲ್ಲಿ ಉಜ್ಜಿ ಮಕ್ಕಳ ಗಿಲಕಿ ಮಾಡಿದವರು ಅವರು. ಪ್ರತಿ ಗಿಲಕಿಯನ್ನೂ ತಮ್ಮ ಕೆನ್ನೆಗೆ ಸವರಿ ನೋಡಿದ ಮೇಲೆಯೇ ಬುಟ್ಟಿಗೆ ಹಾಕುತ್ತಿದ್ದರು. ಯಾವುದೋ ವಸ್ತುಪ್ರದರ್ಶನದಲ್ಲಿ ಶಾಲು ಹೊದಿಸಿಕೊಂಡ ಫೋಟೋ ಒಂದು ಗೋಡೆಯ ಮೇಲಿತ್ತು. ಬಂದವರು ಅದನ್ನು ಗಮನಿಸದಿದ್ದರೆ, ಇಲ್ಲದ ದೂಳು ಒರೆಸಲು ತಾವೇ ಏಳುತ್ತಿದ್ದರು.

ಚೀನಾದ ಪ್ಲಾಸ್ಟಿಕ್ ಗೊಂಬೆಗಳಿಗೆ ಇಂಥ ಗೌರವಗಳ ಅರಿವಿರಲಿಲ್ಲ. ಅವು ಬಂದ ಮೇಲೆ ಪಾಷಾ ಅವರಿಗೆ ಆರ್ಡರು ನಿಂತುಹೋಯಿತು. ಹೆಂಡತಿ ಜಹೀದಾಳ ತಮ್ಮ ಗಫಾರ್ ಮಾತ್ರ ಸಾಲಾಗಿ ಮೋಟಾರು ಯಂತ್ರ ಹಾಕಿಸಿ, ಪರದೆಗೆ ಮಣಿ ಕಡೆಸುತ್ತ ಚೆನ್ನಾಗಿದ್ದ. ಉಳಿ ಹಿಡಿಯುವುದನ್ನು ಅವನಿಗೆ ಕಲಿಸಿದ್ದೇ ಪಾಷಾ. ಒಂದು ಮದುವೆ ಊಟದಲ್ಲಿ, ಪಂಕ್ತಿಗೆಲ್ಲ ಕೇಳುವಂತೆ ಅವನು, “ನಮ್ ಶೆಡ್ಡಿಗೇ ಬಂದ್ಬುಡಿ ಭಾವ, ನಿಮ್ಗೇ ಅಂತ ಒಂದು ಸ್ಟೂಲ್ ಹಾಕಿಸ್ತೀನಿ” ಎಂದ.

ಆ ಸ್ಟೂಲಿನ ಮೇಲೆ ಕೂರುವ ಗತಿ ಬರಬಾರದೆಂದು ಪಾಷಾ ತಮ್ಮ ಕಡೆಯುವ ಯಂತ್ರವನ್ನೇ ಮಾರಿಬಿಟ್ಟರು. ಬೆಂಗಳೂರಿನಿಂದ ಹಳೆಯ ವಿಡಿಯೋ ಗೇಮ್ ಮಷೀನು ತಂದು ರೈಲ್ವೆ ಸ್ಟೇಷನ್ನಿನ ಬಳಿ ಅಂಗಡಿ ತೆರೆದರು. ಬಿಡದಿಯ ಕಾರ್ಖಾನೆಗಳಲ್ಲಿ ಮೊದಲ ಶಿಫ್ಟು ಮುಗಿಸಿದವರು ಮಧ್ಯಾಹ್ನದ ರೈಲಿಗೆ ಬಂದಿಳಿಯುವ ಜಾಗ ಅದು.

ಆಟದ ನಾಯಕ ಹಸಿರು ಬಿಗಿಬಟ್ಟೆಯ, ಅಂಗೈಯಿಂದ ಮಿಂಚು ಬಿಡುವ ಮಹಾವೀರ. ಇಂಗ್ಲಿಷಿನಲ್ಲಿ ಅವನಿಗೊಂದು ಉದ್ದದ ಹೆಸರಿತ್ತು. ಊರವರು ಮಿಂಚಪ್ಪ ಎಂದು ಕರೆದರು. ನಗರವನ್ನು ತುಳಿಯಲು ಬರುವ ಕಬ್ಬಿಣದ ಗೂಳಿಯನ್ನು ಅವನು ಕೊಲ್ಲಬೇಕು. ಮಷೀನಿನ ಹಿಂದಿನ ಹಲಗೆ ತೆಗೆದರೆ, ಆಟವನ್ನು ಸುಲಭವೋ ಕಷ್ಟವೋ ಮಾಡುವ ಪುಟ್ಟ ಸ್ವಿಚ್ಚುಗಳಿದ್ದವು. ಪಾಷಾ ಗಿಲಕಿಯ ನಿಯಮವನ್ನೇ ಇಲ್ಲಿಯೂ ಪಾಲಿಸಿದರು. ಗೂಳಿ ಎಷ್ಟು ಹಾಯ್ದರೂ ಮಿಂಚಪ್ಪನಿಗೆ ಏನೂ ಆಗದಂತೆ ಸ್ವಿಚ್ಚು ತಿರುಗಿಸಿ, ತಮ್ಮ ಅಂಗಡಿಯಿಂದ ಯಾರೂ ನೊಂದು ಹೋಗುವುದಿಲ್ಲವೆಂದು ಹೆಮ್ಮೆಪಟ್ಟರು.

ಹದಿನೈದು ದಿನದಲ್ಲಿ ಅಂಗಡಿಯಲ್ಲಿ ನೊಂದುಕೊಳ್ಳಲು ಪಾಷಾ ಬಿಟ್ಟು ಬೇರೆ ಯಾರೂ ಉಳಿಯಲಿಲ್ಲ. ಕಾರಿನ ಬಿಡಿಭಾಗ ಜೋಡಿಸುವ ಅನಂತರಾಜು ಎಂಬಾತ ದಾರಿಯಲ್ಲಿ ನಿಂತು ಕಾರಣ ಹೇಳಿದ.

“ಪಾಷಣ್ಣ, ನಿಮ್ ಮಿಂಚಪ್ಪ ಹೊಡುದ್ರೂ ಸಾಯಕಿಲ್ಲ, ಬಿದ್ರೂ ಸಾಯಕಿಲ್ಲ. ನಮ್ ಸೂಪರ್‌ವೈಸರ್ ಇದ್ದಂಗವ್ನೆ. ಅಂಥೋನ್ನ ಕಾಸು ಕೊಟ್ಟು ನೋಡ್ಬೇಕಾ?”

ಸಾಯದಿರುವುದೇ ವೀರನ ಲಕ್ಷಣ ಎಂದು ಪಾಷಾ ಉಪನ್ಯಾಸ ಶುರುಮಾಡಿದರು. ಅನಂತರಾಜು ಪೂರ್ತಿ ಕೇಳಿ, ಹಲಗೆ ತೆಗೆಸಿ, ಸ್ವಿಚ್ಚುಗಳನ್ನೆಲ್ಲ ಕಷ್ಟದ ಕಡೆಗೆ ದೂಡಿ, ಅವರನ್ನೇ ಆಡಲು ಕೂರಿಸಿದ.

ಪಾಷಾ ಶಾಲಿನ ಫೋಟೋದಲ್ಲಿದ್ದ ಭಂಗಿಯಲ್ಲೇ ಕುಳಿತರು. ಮಿಂಚಪ್ಪ ಕೈ ಎತ್ತುವ ಮೊದಲೇ ಗೂಳಿ ಅವನ ಮೇಲೆ ಹಾದುಹೋಯಿತು. ಇನ್ನೊಮ್ಮೆ ಆಡಿದರು. ಗೂಳಿ ಬರುವ ಮುಂಚೆಯೇ ಮಿಂಚಪ್ಪ ತಾನಾಗಿ ಮಹಡಿಯಿಂದ ಬಿದ್ದು ಸತ್ತ. ರೈಲಿಳಿದು ಬಂದವರೆಲ್ಲ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನದಿಂದ ಪಾಷಣ್ಣನ ಆಟ ಎಷ್ಟು ಹೊತ್ತಿಗೆ ಎಂದು ಜನ ವಿಚಾರಿಸಿಕೊಂಡು ಬಂದರು. ರಾಮನಗರದಲ್ಲಿ ಇಳಿಯಬೇಕಾದವರು ಚನ್ನಪಟ್ಟಣದವರೆಗೂ ಬಂದರು. ಆಟದಲ್ಲಿ ಪಾಷಾ ಸತ್ತ ಮೇಲೆ ಕಾಸು ಕೊಟ್ಟು ತಾವು ಆಡುತ್ತಿದ್ದರು. ಬೆಳಗಿನಿಂದ ಬೈಸಿಕೊಂಡ ಮನುಷ್ಯನಿಗೆ ನಗರವನ್ನು ಉಳಿಸುವ ಆಸೆಯೇನೂ ಇರುವುದಿಲ್ಲ. ಶಾಲು ಹೊದಿಸಿಕೊಂಡ ಒಬ್ಬ ದೊಡ್ಡ ಮನುಷ್ಯನಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬದುಕಿದರೆ ಸಾಕು. ಅಷ್ಟಕ್ಕೇ ಅವನ ಅಂಗೈಯಲ್ಲಿ ಮಿಂಚು ಹುಟ್ಟುತ್ತದೆ.

ಪಾಷಾ ಇದನ್ನು ವ್ಯಾಪಾರವೆಂದು ತಿಳಿದು ಸುಮ್ಮನಿರಬಹುದಿತ್ತು. ಆದರೆ ಅವರು ಮರ್ಯಾದಸ್ಥರು. ಬೆಳಗಿನ ಹೊತ್ತು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರು. ಉಳಿ ಹಿಡಿದು ಪಳಗಿದ ಕೈ ಬೇಗ ಕಲಿಯಿತು. ಒಂದು ಮಧ್ಯಾಹ್ನ, ಕಿಕ್ಕಿರಿದ ಅಂಗಡಿಯಲ್ಲಿ ಗೂಳಿಯನ್ನು ಕೊಂದೇಬಿಟ್ಟರು. ಚಪ್ಪಾಳೆ ಸ್ವೀಕರಿಸಲು ನಿಧಾನವಾಗಿ ತಿರುಗಿದರು.

ಯಾರೋ ಕೆಮ್ಮಿದರು. ಅನಂತರಾಜು ಗಡಿಯಾರ ನೋಡಿಕೊಂಡು, ಬಸ್ಸು ಐತೆ ಎಂದು ಹೊರಟ. ಅವನ ಹಿಂದೆ ಎಲ್ಲರಿಗೂ ಬಸ್ಸು ನೆನಪಾಯಿತು.

ಆ ವಾರವೆಲ್ಲ ಪಾಷಾ ಗೆದ್ದರು. ಕೊನೆಕೊನೆಗೆ ಖಾಲಿ ಬೆಂಚಿನ ಮುಂದೆ ಗೆದ್ದರು. ಸ್ಟೂಲು ಇನ್ನೂ ಹಾಗೇ ಇದೆಯೆಂದು ಗಫಾರ್ ಹೇಳಿಕಳುಹಿಸಿದ. ಜಹೀದಾ ಮನೆಯ ಉರ್ದುವಿನಲ್ಲಿ, ದನಿ ಏರಿಸದೆ ಹೇಳಿದಳು:

“ಅಲ್ಲಿ ಹೋದರೆ ಒಬ್ಬನ ಮುಂದೆ ತಲೆ ತಗ್ಗಿಸಬೇಕು, ಇಲ್ಲಿ ಊರವರ ಮುಂದೆ. ಯಾವುದು ಹಗುರವೋ ನೀವೇ ನೋಡಿ. ನನಗೆ ನಾಳೆಗೆ ಅಕ್ಕಿ ಬೇಕು.”

ಪಾಷಾ ಊರವರನ್ನು ಆರಿಸಿಕೊಂಡರು. ಆದರೆ ಬೇಕೆಂದೇ ಬಿದ್ದರೆ ಜನ ನಗಲಿಲ್ಲ, ಮೋಸ ಎಂದರು. ಹಾಗಾಗಿ ಸೋಲನ್ನೂ ಕಡೆಯಬೇಕಾಯಿತು. ಗೆಲುವಿನ ಅಂಚಿನವರೆಗೆ ಹೋಗಬೇಕು, ಅಲ್ಲಿ ಎದೆಯುಬ್ಬಿಸಿ ಜನರತ್ತ ಒಮ್ಮೆ ನೋಡಬೇಕು, ಆಗ ಗೂಳಿ ಹಾಯಬೇಕು. ಎಲ್ಲಿಯೂ ಒಂದು ಉಬ್ಬುತಗ್ಗು ಕಾಣದ ಸೋಲು. ಅವರ ಜೀವಮಾನದ ಅತ್ಯುತ್ತಮ ಕೆಲಸ ಅದೇ ಎಂದು ಹೇಳಬೇಕು. ಜನ ಮತ್ತೆ ಬಂದರು.

ಒಂದು ದಿನ ಗಫಾರ್ ತನ್ನ ಶೆಡ್ಡಿನ ಆಳುಗಳನ್ನು ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲೇ ನಿಂತ. ಮಷೀನಿನ ಗಾಜಿನಲ್ಲಿ ಪಾಷಾ ಅವರಿಗೆ ಅವನ ಮುಖ ಕಾಣುತ್ತಿತ್ತು. ಗೂಳಿಗೆ ಒಂದೇ ಏಟು ಬಾಕಿ. ಆ ಏಟು ಅವರ ಹೆಬ್ಬೆರಳ ಕೆಳಗೇ ಇತ್ತು. ಅವರು ಎದೆಯುಬ್ಬಿಸಿ ಭಾಮೈದುನನತ್ತ ತಿರುಗಿ ನೋಡಿದರು. ಹಿಂದೆ ಮಿಂಚಪ್ಪ ಅಪ್ಪಚ್ಚಿಯಾದ ಸದ್ದು ಕೇಳಿಸಿತು.

ಎಲ್ಲರಿಗಿಂತ ಜೋರಾಗಿ ನಕ್ಕವನು ಗಫಾರ್. ಕಣ್ಣು ಒರೆಸಿಕೊಂಡು, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದ:

“ಇನ್ನೊಂದ್ ಸಲ ಆಡಿ ಭಾವ. ಹಿಂದ್ಗಡೆ ನಿಂತೋರ್ಗೆ ಕಾಣ್ನಿಲ್ಲ.”

ತಾಜ್ ಪಾಷಾ ಹಿಂದೆ ನಿಂತಿದ್ದವರಿಗೆ ಮುಂದೆ ಬರಲು ಹೇಳಿ, ಅವರು ಬಂದು ನಿಲ್ಲುವವರೆಗೆ ಕಾದು, ಮತ್ತೆ ಆಟ ಶುರುಮಾಡಿದರು.